ಇನ್‌ಕ್ರಿಮೆಂಟಾ, ಇನ್ಸೆಂಟಿವಾ, ಬಡ್ತಿಯಾ? ಟೀಮಿಗೆ ಯಾವುದು ಕೊಟ್ಟರೆ ಏನಾಗುತ್ತೆ

"ಟೀಮು ಯಾಕೋ ಡಲ್ ಆಗಿದೆ. ಕೈಯಲ್ಲಿ ಒಂದಿಷ್ಟು ಬಜೆಟ್ ಇದೆ. ಎಲ್ಲರ ಸಂಬಳ ಸ್ವಲ್ಪ ಸ್ವಲ್ಪ ಏರಿಸಲಾ, ಚೆನ್ನಾಗಿ ಮಾಡಿದವರಿಗೆ ಮಾತ್ರ ಇನ್ಸೆಂಟಿವ್ ಇಡಲಾ, ಇಲ್ಲ ಹಳಬರಿಬ್ಬರಿಗೆ ಬಡ್ತಿ ಕೊಟ್ಟುಬಿಡಲಾ?"

ಹೊಸದಾಗಿ ಮ್ಯಾನೇಜರ್ ಆದವರು ನನ್ನನ್ನು ಕೇಳುವ ಪ್ರಶ್ನೆ ಹೆಚ್ಚುಕಮ್ಮಿ ಇದೇ. ಸ್ವಂತ ಬಿಸಿನೆಸ್ ನಡೆಸುವವರೂ ಇದನ್ನೇ ಕೇಳುತ್ತಾರೆ. ಅವರಿಗೆ ಒಂದು ಮಾತಿನ ಉತ್ತರ ಬೇಕು. ಅದು ನನ್ನ ಹತ್ತಿರ ಇಲ್ಲ. ಯಾವುದು ಕೊಟ್ಟರೆ ಏನು ಸಿಗುತ್ತೆ, ಏನು ಕೈತಪ್ಪಿ ಹೋಗುತ್ತೆ ಅನ್ನೋದನ್ನು ಪಕ್ಕಪಕ್ಕ ಇಟ್ಟು ತೋರಿಸಬಲ್ಲೆ, ಅಷ್ಟೇ.

ಅದಕ್ಕೂ ಮೊದಲು ಒಂದು ಅನುಮಾನ. ನಿಮ್ಮ ತೊಂದರೆ ನಿಜವಾಗಿಯೂ ಉತ್ಸಾಹದ್ದೇನಾ?

ಉತ್ಸಾಹ ಇಲ್ಲವಾ, ಅಡ್ಡಿ ಇದೆಯಾ?

ಹಿಂದೆ ನಾನು ಬಿಲ್ ಪಾಸ್ ಮಾಡುವ ಒಂದು ಸಣ್ಣ ಟೀಮ್ ನೋಡಿಕೊಳ್ಳುತ್ತಿದ್ದೆ. ಫೈಲುಗಳು ರಾಶಿ ಬೀಳುತ್ತಿದ್ದವು. ಇವರಿಗೆ ಆಸಕ್ತಿಯೇ ಇಲ್ಲ ಅಂತ ನಾನೇ ತೀರ್ಮಾನ ಮಾಡಿದೆ. ತಿಂಗಳಲ್ಲಿ ಅತಿ ಹೆಚ್ಚು ಬಿಲ್ ಮುಗಿಸಿದವರಿಗೆ ನಗದು ಬಹುಮಾನ ಅಂತ ಹೇಳಿದೆ. ತಿಂಗಳು ಕಳೆಯಿತು. ರಾಶಿ ಹಾಗೇ ಇತ್ತು.

ಕೊನೆಗೆ ಒಂದು ಬೆಳಿಗ್ಗೆ ಕುರ್ಚಿ ಎಳೆದುಕೊಂಡು ಒಬ್ಬರ ಪಕ್ಕ ಸುಮ್ನೆ ಕೂತೆ. ಒಂದೇ ಬಿಲ್ ನಂಬರನ್ನು ಅವರು ಮೂರು ಕಡೆ ಟೈಪ್ ಮಾಡುತ್ತಿದ್ದರು. ಪ್ರತಿ ಸಲ ಸ್ಕ್ರೀನಿನ ಮೇಲೆ ಒಂದು ಕಿಟಕಿ ಮುಚ್ಚಿ ಇನ್ನೊಂದು ತೆರೆಯುತ್ತಿದ್ದರು. ಆಮೇಲೆ ಅಪ್ರೂವಲ್‌ಗೆ ಕಳಿಸಿ ಕಾಯುತ್ತಿದ್ದರು. ಬೆಳಿಗ್ಗೆ ಹತ್ತಕ್ಕೆ ಕಳಿಸಿದ್ದು ಮಧ್ಯಾಹ್ನವಾದರೂ ವಾಪಸ್ ಬರಲಿಲ್ಲ. "ದಿನಾ ಹೀಗೇನಾ?" ಅಂದೆ. ಅವರು ಸ್ವಲ್ಪ ಮುಜುಗರದಿಂದ, "ಹೌದು ಸಾರ್, ನೀವು ಸಂಜೆಗೇ ಅಲ್ವಾ ನೋಡೋದು" ಅಂದರು.

ಸಣ್ಣ ಮೊತ್ತದ ಬಿಲ್‌ಗಳಿಗೆ ನನ್ನ ಅಪ್ರೂವಲ್ ಬೇಡ ಅಂತ ಎರಡು ಸಾಲಿನ ಮೇಲ್ ಹಾಕಿದೆ. ಎರಡು ವಾರದಲ್ಲಿ ರಾಶಿ ಕರಗಿತು.

ಅಮೆರಿಕದ ಮನಶ್ಶಾಸ್ತ್ರಜ್ಞ ಫ್ರೆಡರಿಕ್ ಹರ್ಜ್‌ಬರ್ಗ್ ಮತ್ತು ಸಂಗಡಿಗರು ಪಿಟ್ಸ್‌ಬರ್ಗ್‌ನ ಸುಮಾರು 200 ಇಂಜಿನಿಯರ್ ಮತ್ತು ಅಕೌಂಟೆಂಟ್‌ಗಳನ್ನು ಮಾತಾಡಿಸಿ 1959ರಲ್ಲಿ ಹೇಳಿದ್ದು ಇದಕ್ಕೆ ಹತ್ತಿರದ ಮಾತು. ಕೆಲಸದಲ್ಲಿ ಬೇಸರ ತರುವುದೇ ಬೇರೆ, ಖುಷಿ ಕೊಡುವುದೇ ಬೇರೆ. ಕಂಪನಿಯ ನಿಯಮ, ಮೇಲಿನವರ ಕಾಟ, ಸಂಬಳ, ಕೂರುವ ಜಾಗ, ಇವು ಕೆಟ್ಟರೆ ಮನಸ್ಸು ಕೆಡುತ್ತೆ. ಸರಿಯಾದರೆ ಬೇಸರ ಹೋಗುತ್ತೆ, ಹುಮ್ಮಸ್ಸು ಬರೋದಿಲ್ಲ. ಹುಮ್ಮಸ್ಸು ಬರೋದು ಕೆಲಸ ಕೈಗೂಡಿದಾಗ, ಯಾರಾದರೂ ಗುರುತಿಸಿದಾಗ, ಜವಾಬ್ದಾರಿ ಸಿಕ್ಕಾಗ. ಈ ಅಧ್ಯಯನಕ್ಕೆ ಆಕ್ಷೇಪಗಳೂ ಬಂದವು. ಒಳ್ಳೆಯದಾದರೆ ನನ್ನಿಂದ, ಕೆಟ್ಟದ್ದಾದರೆ ಕಂಪನಿಯಿಂದ ಅನ್ನೋದು ಮನುಷ್ಯರ ಸ್ವಭಾವ ತಾನೇ? ಆದರೂ ಆ ಎರಡು ಪಟ್ಟಿ ಕೈಯಲ್ಲಿದ್ದರೆ ಬಹಳ ದುಡ್ಡು ಉಳಿಯುತ್ತೆ. ಅಡ್ಡಿ ಇದ್ದ ಕಡೆ ಬಹುಮಾನ ಇಡುವುದು ನೀರಲ್ಲಿ ಹೋಮ ಮಾಡಿದ ಹಾಗೆ.

ಅಡ್ಡಿಗಳನ್ನೆಲ್ಲ ತೆಗೆದಾಯಿತು, ಇನ್ನೂ ಟೀಮ್ ಎದ್ದು ಕೂತಿಲ್ಲ ಅಂತಾದರೆ ಮುಂದೆ ಓದಿ.

ತೂಗೋಕೆ ನಾಲ್ಕು ಪ್ರಶ್ನೆ

ಮೊದಲನೆಯದು: ಕೆಲಸ ಎಣಿಸೋಕೆ ಬರುತ್ತಾ? ಎಷ್ಟು ಮಾಡಿದರು ಅನ್ನೋದು ಮಾತ್ರ ಅಲ್ಲ, ಎಷ್ಟು ಚೆನ್ನಾಗಿ ಮಾಡಿದರು ಅನ್ನೋದೂ ಎಣಿಕೆಗೆ ಸಿಗಬೇಕು.

ಎರಡನೆಯದು: ಫಲಿತಾಂಶ ಒಬ್ಬರ ಕೈಯಲ್ಲಿದೆಯಾ, ಹತ್ತು ಜನರ ಕೈಯಲ್ಲಿದೆಯಾ?

ಮೂರನೆಯದು: ಕೊಟ್ಟದ್ದನ್ನು ಹಿಂದೆ ತೆಗೆದುಕೊಳ್ಳೋಕೆ ಆಗುತ್ತಾ? ಇದನ್ನು ಬಹಳ ಜನ ಮರೆಯುತ್ತಾರೆ. ಇಸ್ರೇಲಿನ ಹೈಫಾದ 10 ಶಿಶುವಿಹಾರಗಳಲ್ಲಿ ನಡೆದ ಒಂದು ಅಧ್ಯಯನ 2000ದಲ್ಲಿ ಪ್ರಕಟವಾಯಿತು. ಮಕ್ಕಳನ್ನು ಕರೆದೊಯ್ಯಲು ತಡವಾಗಿ ಬರುವ ಅಪ್ಪ ಅಮ್ಮಂದಿರಿಗೆ ಕೆಲವು ಕಡೆ ಸಣ್ಣ ದಂಡ ಹಾಕಿದರು. ತಡವಾಗಿ ಬರುವವರು ಕಡಿಮೆಯಾಗಲಿಲ್ಲ, ಜಾಸ್ತಿಯಾದರು. ಮುಂಚೆ ಟೀಚರ್ ಮುಖ ನೋಡಲು ಸಂಕೋಚವಿತ್ತು. ಈಗ ದುಡ್ಡು ಕೊಟ್ಟಾಯಿತಲ್ಲ! ದಂಡ ರದ್ದು ಮಾಡಿದ ಮೇಲೂ ಹಳೆಯ ಸಂಕೋಚ ವಾಪಸ್ ಬರಲಿಲ್ಲ. ಆಫೀಸಿನಲ್ಲೂ ಹಾಗೇ. ಒಮ್ಮೆ ಒಂದು ಕೆಲಸಕ್ಕೆ ರೇಟು ಕಟ್ಟಿದರೆ, ರೇಟು ತೆಗೆದ ದಿನ ಜನ ಮೊದಲಿನ ಹಾಗೆ ಇರೋದಿಲ್ಲ.

ನಾಲ್ಕನೆಯದು: ಸಿಗದವರು ಏನಂದುಕೊಳ್ಳುತ್ತಾರೆ? ನೀವು ಇಬ್ಬರಿಗೆ ಕೊಡುತ್ತೀರಿ. ನೋಡುವವರು ಎಂಟು ಜನ.

ಸಂಬಳ ಏರಿಸುವುದು

ಹೆನ್ರಿ ಫೋರ್ಡ್ 1914ರ ಜನವರಿಯಲ್ಲಿ ಕಾರ್ಮಿಕರ ದಿನಗೂಲಿಯನ್ನು ಸುಮಾರು ಎರಡರಷ್ಟು ಮಾಡಿ 5 ಡಾಲರ್‌ಗೆ ತಂದ ಕಥೆ ಎಲ್ಲರಿಗೂ ಗೊತ್ತು. ಅದಕ್ಕೆ ಮೊದಲು ಅಲ್ಲಿ ಏನು ನಡೆಯುತ್ತಿತ್ತು ಅನ್ನೋದು ಅಷ್ಟಾಗಿ ಗೊತ್ತಿಲ್ಲ. 1913ರಲ್ಲಿ ಕೆಲಸ ಬಿಟ್ಟು ಹೋಗುವವರ ಪ್ರಮಾಣ 370% ಇತ್ತು. ಅಂದರೆ ನೂರು ಜನರ ಜಾಗ ತುಂಬಿಡಲು ವರ್ಷಕ್ಕೆ 370 ಜನರನ್ನು ಸೇರಿಸಿಕೊಳ್ಳಬೇಕಿತ್ತು. 1915ರ ಹೊತ್ತಿಗೆ ಅದು 16%ಗೆ ಇಳಿಯಿತು. (ಆ 5 ಡಾಲರ್‌ನಲ್ಲಿ ಸುಮಾರು ಅರ್ಧ ಲಾಭದ ಪಾಲು. ಅದು ಸಿಗಬೇಕಾದರೆ ಮನೆಗೆ ಬಂದು ಬದುಕುವ ರೀತಿ ವಿಚಾರಿಸುವ ಕಂಪನಿಯ ಜನರಿಗೆ ಒಪ್ಪಿಗೆಯಾಗಬೇಕಿತ್ತು. ದಾನಕ್ಕೊಂದು ಬಾಲ ಇದ್ದೇ ಇರುತ್ತೆ.)

ಸಂಬಳ ಎಲ್ಲಿ ಕೆಲಸ ಮಾಡುತ್ತೆ ಅನ್ನೋದು ಇದರಲ್ಲೇ ಇದೆ. ಅದು ಜನರನ್ನು ಉಳಿಸುತ್ತೆ, ಒಳ್ಳೆಯವರನ್ನು ಕರೆತರುತ್ತೆ. ದಿನದಿನದ ಹುಮ್ಮಸ್ಸಿಗೆ ಅದು ಅಷ್ಟು ಒಳ್ಳೆಯ ಮದ್ದಲ್ಲ. 2006ರಲ್ಲಿ ಪ್ರಕಟವಾದ ಒಂದು ಪ್ರಯೋಗದಲ್ಲಿ ಲೈಬ್ರರಿಯ ಪುಸ್ತಕಗಳ ವಿವರ ಟೈಪ್ ಮಾಡಲು ಬಂದವರಲ್ಲಿ ಕೆಲವರಿಗೆ ಗಂಟೆಗೆ 12 ಡಾಲರ್ ಅಂತ ಹೇಳಿ, ಬಂದ ಮೇಲೆ 20 ಕೊಡುತ್ತೇವೆ ಅಂದರು. ಮೊದಲ ಒಂದೂವರೆ ಗಂಟೆ ಇವರು ಉಳಿದವರಿಗಿಂತ ಜಾಸ್ತಿ ಟೈಪ್ ಮಾಡಿದರು. ಆಮೇಲೆ ಎಲ್ಲರೂ ಒಂದೇ. ಹೆಚ್ಚಿನ ಸಂಬಳ ಎಷ್ಟು ಬೇಗ ಮಾಮೂಲಿಯಾಗುತ್ತೆ ಅಂತ ನಿಮ್ಮ ಸ್ವಂತ ಅನುಭವವೇ ಹೇಳುತ್ತೆ ಅಲ್ವಾ?

ಮೂರನೆಯ ಪ್ರಶ್ನೆಯಲ್ಲಿ ಸಂಬಳ ಪೂರ್ತಿ ಫೇಲ್. ಏರಿಸಿದ್ದನ್ನು ಇಳಿಸೋಕೆ ಆಗೋದಿಲ್ಲ. ನಾಲ್ಕನೆಯದರಲ್ಲಿ ಪಾಸ್, ಎಲ್ಲರಿಗೂ ಏರಿಸಿದರೆ. ನಿಮ್ಮ ಜನ ಬೇರೆ ಕಡೆ ಇದೇ ಕೆಲಸಕ್ಕೆ ಕಣ್ಣಿಗೆ ಕಾಣುವಷ್ಟು ಜಾಸ್ತಿ ಪಡೆಯಬಲ್ಲರು ಅಂತಾದರೆ ಉಳಿದ ಆಯ್ಕೆಗಳನ್ನು ಓದುವ ಅಗತ್ಯವೇ ಇಲ್ಲ. ಮೊದಲು ಆ ಗುಂಡಿ ಮುಚ್ಚಿ. ಸಂಬಳ ಸರಿಯಾಗಿದೆ ಅಂತಾದರೆ ಈ ಬಜೆಟ್ಟನ್ನು ಇಲ್ಲಿ ಸುರಿಯಬೇಡಿ.

ಒಬ್ಬೊಬ್ಬರಿಗೆ ಇನ್ಸೆಂಟಿವ್

ಇದರ ಬಗ್ಗೆ ಸ್ವಲ್ಪ ಜಾಸ್ತಿ ಹೇಳಬೇಕು. ಯಾಕೆಂದರೆ ಅತಿ ಹೆಚ್ಚು ಫಲ ಕೊಡೋದೂ ಇದೇ, ಅತಿ ಹೆಚ್ಚು ಹಾಳು ಮಾಡೋದೂ ಇದೇ.

ಫಲ ಕೊಟ್ಟದ್ದು ನೋಡಿ. ಸೇಫ್‌ಲೈಟ್ ಅನ್ನುವ ಅಮೆರಿಕದ ಕಂಪನಿ ಕಾರುಗಳ ಒಡೆದ ಗಾಜು ಬದಲಿಸಿಕೊಡುತ್ತೆ. 1990ರ ದಶಕದ ನಡುವೆ ಅದು ಗಂಟೆ ಲೆಕ್ಕ ಬಿಟ್ಟು ಗಾಜಿನ ಲೆಕ್ಕಕ್ಕೆ ಬಂತು. ಎಷ್ಟು ಗಾಜು ಕೂರಿಸಿದರೆ ಅಷ್ಟು ದುಡ್ಡು. ಅರ್ಥಶಾಸ್ತ್ರಜ್ಞ ಎಡ್ವರ್ಡ್ ಲೇಜಿಯರ್ 2000ದಲ್ಲಿ ಪ್ರಕಟಿಸಿದ ಲೆಕ್ಕದಲ್ಲಿ ಒಬ್ಬೊಬ್ಬರ ಕೆಲಸ ಸರಾಸರಿ 44% ಏರಿತ್ತು. ಅದರಲ್ಲಿ ಸುಮಾರು ಅರ್ಧ, ಇದ್ದವರೇ ಹೆಚ್ಚು ದುಡಿದದ್ದು. ಉಳಿದದ್ದರಲ್ಲಿ ಬಹುಪಾಲು, ಚುರುಕು ಜನ ಬಂದು ಸೇರಿದ್ದರಿಂದ.

44% ಅಂದ ಕೂಡಲೇ ಬಾಯಲ್ಲಿ ನೀರೂರುತ್ತೆ. ಆದರೆ ಅಲ್ಲಿನ ಕೆಲಸ ಎಂಥದ್ದು ಅನ್ನೋದನ್ನೂ ನೋಡಿ. ಗಾಜು ಎಣಿಸೋಕೆ ಬರುತ್ತೆ. ಒಬ್ಬರೇ ಕೂರಿಸುತ್ತಾರೆ. ಸರಿಯಾಗಿ ಕೂರಿಸದಿದ್ದರೆ ಯಾರು ಕೂರಿಸಿದ್ದು ಅಂತ ದಾಖಲೆ ಇರುತ್ತೆ, ಅವರೇ ತಮ್ಮ ಸಮಯದಲ್ಲಿ ಮತ್ತೆ ಸರಿಮಾಡಿಕೊಡಬೇಕು. ಗಾಜಿನ ಲೆಕ್ಕದಲ್ಲಿ ಕಡಿಮೆ ಬಂದರೂ ಇಷ್ಟು ಸಿಕ್ಕೇ ಸಿಗುತ್ತೆ ಅನ್ನುವ ಭರವಸೆಯೂ ಇತ್ತು. ಮೊದಲ ಎರಡು ಪ್ರಶ್ನೆಗಳಿಗೆ ಇಷ್ಟು ಚೊಕ್ಕ ಉತ್ತರ ಇರುವ ಕೆಲಸಗಳು ಕಡಿಮೆ.

ಹಾಳು ಮಾಡಿದ್ದಕ್ಕೆ ವೆಲ್ಸ್ ಫಾರ್ಗೋ ಬ್ಯಾಂಕು. ಒಬ್ಬ ಗ್ರಾಹಕನಿಗೆ ಎಂಟು ಖಾತೆ, ಕಾರ್ಡು, ಸೇವೆಗಳನ್ನು ಮಾರಬೇಕು ಅನ್ನೋದು ಅಲ್ಲಿನ ಗುರಿ. ಟಾರ್ಗೆಟ್ ಮುಟ್ಟಲು ಸಿಬ್ಬಂದಿ ಗ್ರಾಹಕರಿಗೆ ಗೊತ್ತಿಲ್ಲದೆ ಅವರ ಹೆಸರಲ್ಲಿ ಖಾತೆ ತೆರೆದರು. 2016ರಲ್ಲಿ ಬ್ಯಾಂಕಿಗೆ 18.5 ಕೋಟಿ ಡಾಲರ್ ದಂಡ ಬಿತ್ತು. ಅಷ್ಟರಲ್ಲಿ ಸುಮಾರು 5,300 ಜನರ ಕೆಲಸ ಹೋಗಿತ್ತು. ಅವರೆಲ್ಲ ಹುಟ್ಟಾ ಮೋಸಗಾರರು ಅಂತ ನಾನಂತೂ ನಂಬೋದಿಲ್ಲ. ಎಣಿಸಿದ್ದು ಖಾತೆಗಳನ್ನು. ಸಿಕ್ಕಿದ್ದು ಖಾತೆಗಳೇ.

ಇನ್ನೊಂದು ಸದ್ದಿಲ್ಲದ ನಷ್ಟ ಇದೆ. ಅಮೆರಿಕದ ಒಂದು ಲಾಂಡ್ರಿ ಕಾರ್ಖಾನೆಯಲ್ಲಿ ತಿಂಗಳಿಡೀ ಹೊತ್ತಿಗೆ ಸರಿಯಾಗಿ ಬಂದವರಿಗೆ ಬಹುಮಾನ ಇಟ್ಟರು. ತಡವಾಗಿ ಬರುತ್ತಿದ್ದವರು ಸ್ವಲ್ಪ ಸುಧಾರಿಸಿದರು, ಅದೂ ಬಹುಮಾನಕ್ಕೆ ಅರ್ಹತೆ ಇರುವಷ್ಟು ದಿನ. ಮುಂಚಿನಿಂದಲೂ ಸರಿಯಾಗಿ ಬರುತ್ತಿದ್ದವರ ಕೆಲಸದ ವೇಗ ಮಾತ್ರ ಇಳಿಯಿತು. ಹೇಳದೆಯೇ ಮಾಡುತ್ತಿದ್ದವರ ಮನಸ್ಸಿಗೆ ಇದು ನಾಟಿತ್ತು. ಒಟ್ಟಾರೆ ಕಾರ್ಖಾನೆಗೆ ಲಾಭಕ್ಕಿಂತ ನಷ್ಟವೇ ಆಯಿತು. ನಾಲ್ಕನೆಯ ಪ್ರಶ್ನೆ ಯಾಕೆ ಬೇಕು ಅಂತ ಈಗ ಗೊತ್ತಾಯಿತಲ್ಲ.

ಹಾಗಾಗಿ: ಮಾರಾಟ, ಡೆಲಿವರಿ, ಡೇಟಾ ಎಂಟ್ರಿ, ಜೋಡಣೆಯಂಥ ಕೆಲಸಕ್ಕೆ ಇಡಿ. ಜೊತೆಗೆ ಗುಣಮಟ್ಟದ ಒಂದು ಕೊಂಡಿ ಇರಲಿ. ವಾಪಸ್ ಬಂದ ಮಾಲು, ಬಿಟ್ಟುಹೋದ ಗ್ರಾಹಕ, ಮತ್ತೆ ಮಾಡಬೇಕಾದ ಕೆಲಸ ಇನ್ಸೆಂಟಿವ್‌ನಿಂದ ಕಳೆಯಬೇಕು. ಯೋಚಿಸಿ ಮಾಡುವ, ಒಬ್ಬರಿಗೊಬ್ಬರು ಕಲಿಸಿಕೊಡಬೇಕಾದ ಕೆಲಸಕ್ಕೆ ಇಡಬೇಡಿ. ಹೊಸಬನಿಗೆ ಅರ್ಧ ಗಂಟೆ ಹೇಳಿಕೊಟ್ಟರೆ ತನ್ನ ಎಣಿಕೆ ಕಡಿಮೆಯಾಗುತ್ತೆ ಅಂತಾದರೆ ಯಾರು ಹೇಳಿಕೊಡುತ್ತಾರೆ?

ಇಡೀ ತಂಡಕ್ಕೆ ಬೋನಸ್

ಇದಕ್ಕೆ ನನ್ನ ಮೆಚ್ಚಿನ ಉದಾಹರಣೆ ಕಾಂಟಿನೆಂಟಲ್ ಏರ್‌ಲೈನ್ಸ್. ಹೊತ್ತಿಗೆ ಸರಿಯಾಗಿ ಹಾರುವುದರಲ್ಲಿ ಅಮೆರಿಕದ ದೊಡ್ಡ ವಿಮಾನ ಕಂಪನಿಗಳ ಸಾಲಿನಲ್ಲಿ ಅದು ಕೊನೆಗೆ ಬಿದ್ದಿತ್ತು. 1995ರ ಆರಂಭದಲ್ಲಿ ಅದರ ಮುಖ್ಯಸ್ಥ ಗಾರ್ಡನ್ ಬೆಥೂನ್ ಒಂದು ಮಾತು ಕೊಟ್ಟರು: ಯಾವ ತಿಂಗಳು ಕಂಪನಿ ಮೊದಲ ಐದರಲ್ಲಿ ಬರುತ್ತೋ ಆ ತಿಂಗಳು ಎಲ್ಲರಿಗೂ ತಲಾ 65 ಡಾಲರ್. ಕೆಲವೇ ತಿಂಗಳಲ್ಲಿ ಕಂಪನಿ ತಳದಿಂದ ತುದಿಗೆ ಬಂತು.

65 ಡಾಲರ್ ದೊಡ್ಡ ದುಡ್ಡೇನಲ್ಲ. ಲಗೇಜು ಹಾಕುವವರು, ಗೇಟಿನಲ್ಲಿ ನಿಂತವರು, ಮೆಕ್ಯಾನಿಕ್‌ಗಳು, ಇವರಲ್ಲಿ ಯಾರೊಬ್ಬರೂ ಒಂಟಿಯಾಗಿ ವಿಮಾನ ಹಾರಿಸಲಾರರು. ಒಬ್ಬರು ತಡ ಮಾಡಿದರೆ ಪಕ್ಕದವರಿಗೆ ತಕ್ಷಣ ಕಾಣುತ್ತೆ. ಹಾಗಾಗಿ ಕಣ್ಣಿಡಲು ಮ್ಯಾನೇಜರ್ ಬೇಕಾಗಲಿಲ್ಲ.

ಕಾಣದಿದ್ದರೆ ಏನಾಗುತ್ತೆ ಅನ್ನೋದಕ್ಕೆ ಫ್ರಾನ್ಸಿನ ಮ್ಯಾಕ್ಸ್ ರಿಂಗೆಲ್‌ಮನ್ 1913ರಲ್ಲೇ ಪ್ರಕಟಿಸಿದ ಹಗ್ಗ ಎಳೆಯುವ ಪ್ರಯೋಗ ಇದೆ. ಎಂಟು ಜನ ಸೇರಿ ಎಳೆದಾಗ ತಲಾ ಬಿದ್ದ ಬಲ, ಒಬ್ಬನೇ ಎಳೆಯುವಾಗಿನ ಬಲದ ಸುಮಾರು ಅರ್ಧ. ಎಲ್ಲರೂ ಒಟ್ಟಿಗೆ ಎಳೆಯಲಾಗದ್ದು ಒಂದು ಕಾರಣ, ಯಾರೋ ಎಳೀತಾರೆ ಬಿಡು ಅನ್ನೋದು ಇನ್ನೊಂದು.

ಒಬ್ಬರ ಕೆಲಸ ಇನ್ನೊಬ್ಬರಿಗೆ ಕಾಣುವ ಸಣ್ಣ ಗುಂಪುಗಳಿಗೆ ತಂಡದ ಬೋನಸ್ ಚೆನ್ನಾಗಿ ಒಗ್ಗುತ್ತೆ. ಗುರಿ ಒಂದೇ ಇರಲಿ. ಏಳು ಗುರಿ, ಅದಕ್ಕೊಂದು ಸೂತ್ರ, ಅದಕ್ಕೆ ಒಂದು ಎಕ್ಸೆಲ್ ಶೀಟು ಅಂತಾದರೆ ಯಾರಿಗೂ ನೆನಪಿರೋದಿಲ್ಲ.

ಬಡ್ತಿ

ದುಡ್ಡಿಲ್ಲದ ಕಂಪನಿಗಳಿಗೆ ಇದು ಅಗ್ಗ ಅನಿಸುತ್ತೆ. ಹೆಸರಿನ ಹಿಂದೆ ಒಂದು 'ಸೀನಿಯರ್' ಸೇರಿಸಿದರಾಯಿತು. ಅಧಿಕಾರವೂ ಇಲ್ಲ, ದುಡ್ಡೂ ಇಲ್ಲ ಅಂದರೆ ಅದು ಮೂಗಿಗೆ ತುಪ್ಪ ಸವರಿದ ಹಾಗೆ. ಜನರಿಗೆ ಗೊತ್ತಾಗೋಕೆ ಬಹಳ ದಿನ ಬೇಡ.

ನಿಜವಾದ ಬಡ್ತಿಯ ಅಪಾಯ ಬೇರೆ. ಅಮೆರಿಕದ ಹಲವು ಕಂಪನಿಗಳ ಮಾರಾಟ ವಿಭಾಗಗಳನ್ನು ನೋಡಿ 2019ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ ಕಂಡದ್ದು: ಚೆನ್ನಾಗಿ ಮಾರುವವರಿಗೆ ಬಡ್ತಿ ಸಿಗುವ ಸಾಧ್ಯತೆ ಜಾಸ್ತಿ, ಆದರೆ ಅವರ ಕೈಕೆಳಗಿನವರ ಮಾರಾಟ ಮಾತ್ರ ಇಳಿಯುತ್ತೆ. ಒಬ್ಬ ಒಳ್ಳೆಯ ಸೇಲ್ಸ್‌ಮನ್ ಕೈತಪ್ಪಿದ, ಒಬ್ಬ ಕಷ್ಟದ ಮ್ಯಾನೇಜರ್ ಗಂಟುಬಿದ್ದ. ಹಿಂದೆ ತೆಗೆದುಕೊಳ್ಳಲು ಅತಿ ಕಷ್ಟವಾದದ್ದೂ ಬಡ್ತಿಯೇ. ಕೆಳಗಿಳಿಸಿದರೆ ಮನುಷ್ಯ ಕೆಲಸ ಬಿಟ್ಟೇ ಹೋಗುತ್ತಾನೆ.

ಇನ್ನೊಬ್ಬರಿಗೆ ಕಲಿಸುವುದರಲ್ಲಿ ಈಗಾಗಲೇ ಖುಷಿ ಪಡುವವರಿಗೆ ಮಾತ್ರ ಬಡ್ತಿ ಕೊಡಿ. ಅನುಮಾನ ಇದ್ದರೆ ಮೂರು ತಿಂಗಳ ಒಂದು ಪ್ರಾಜೆಕ್ಟು ನಡೆಸಲು ಹೇಳಿ ನೋಡಿ. ಕೆಲಸದಲ್ಲಿ ಜಾಣ, ಜನರ ಜೊತೆ ಏಗುವುದು ಬೇಡ ಅನ್ನುವವರಿಗೆ ಮ್ಯಾನೇಜರ್ ಆಗದೆಯೇ ಸಂಬಳ, ಗೌರವ ಎರಡೂ ಏರುವ ಇನ್ನೊಂದು ಏಣಿ ಇಡಿ.

ಸ್ವಾತಂತ್ರ್ಯ

ಯಾವಾಗ, ಎಲ್ಲಿಂದ, ಹೇಗೆ ಕೆಲಸ ಮಾಡಬೇಕು ಅನ್ನೋದನ್ನು ಅವರಿಗೇ ಬಿಡುವುದು. ಚೀನಾದ ಟ್ರಿಪ್.ಕಾಮ್ ಕಂಪನಿಯಲ್ಲಿ 1,612 ಜನರ ಮೇಲೆ ನಡೆದ ಪ್ರಯೋಗದ ಫಲಿತಾಂಶ 2024ರಲ್ಲಿ ಬಂತು. ವಾರಕ್ಕೆ ಎರಡು ದಿನ ಮನೆಯಿಂದ ಕೆಲಸ ಮಾಡಬಹುದಾದವರಲ್ಲಿ ರಾಜೀನಾಮೆ ಮೂರನೇ ಒಂದು ಭಾಗ ಕಡಿಮೆಯಾಯಿತು. ಕೆಲಸದ ಮಟ್ಟದಲ್ಲಿ, ಬಡ್ತಿಯಲ್ಲಿ ವ್ಯತ್ಯಾಸ ಕಾಣಲಿಲ್ಲ. ತಮಾಷೆಯೆಂದರೆ ಶುರುವಾಗುವ ಮುಂಚೆ ಮ್ಯಾನೇಜರ್‌ಗಳು ಕೆಲಸ ಕೆಡುತ್ತೆ ಅಂದುಕೊಂಡಿದ್ದರು. ಮುಗಿದ ಮೇಲೆ ಅವರೇ ಅಭಿಪ್ರಾಯ ಬದಲಿಸಿದರು.

ಖರ್ಚು ಕಡಿಮೆ, ಆದರೆ ಪುಕ್ಕಟೆ ಅಲ್ಲ. ಇದಕ್ಕೆ ನಿಮ್ಮ ನೆಮ್ಮದಿಯನ್ನು ತೆರಬೇಕು. ಸ್ವಾತಂತ್ರ್ಯ ಕೊಟ್ಟು ದಿನಕ್ಕೆ ಮೂರು ಸಲ ಸ್ಟೇಟಸ್ ಕೇಳಿದರೆ ಕೊಟ್ಟಂತಾಗಲಿಲ್ಲ. ಎಲ್ಲರಿಗೂ ಒಂದೇ ಅಳತೆಯೂ ಸಲ್ಲದು. ನಿನ್ನೆ ಸೇರಿದವರಿಗೆ ಹೀಗೆ ಮಾಡು ಅಂತ ಬಿಡಿಸಿ ಹೇಳಬೇಕು. ಕೆಲಸ ಬಲ್ಲವರಿಗೆ ಹಾಗೆ ಹೇಳಿದರೆ ಅವಮಾನ. ಪಾಳಿಯಲ್ಲಿ ದುಡಿಯುವ, ಕೌಂಟರ್‌ನಲ್ಲಿ ಕೂರುವ ಜನರಿಗೆ ಮನೆಯಿಂದ ಕೆಲಸ ಅನ್ನೋದು ಇಲ್ಲವೇ ಇಲ್ಲ. ಅವರಿಗೆ ಪಾಳಿ ಬದಲಿಸಿಕೊಳ್ಳುವ ಹಕ್ಕು ಕೊಡಿ, ಮುಂದಿನ ತಿಂಗಳ ಪಾಳಿ ಪಟ್ಟಿಯನ್ನು ಮುಂಚೆಯೇ ಅಂಟಿಸಿ.

ಮೆಚ್ಚುಗೆ

ಬೆನ್ನು ತಟ್ಟೋಕೆ ಖರ್ಚಿಲ್ಲ, ಆದರೂ ಜಿಪುಣತನ ಮಾಡುತ್ತೇವೆ. ಸುಮಾರು 300 ಜನರ ಮೇಲೆ ಮಾಡಿದ ಒಂದು ಪ್ರಯೋಗದಲ್ಲಿ ಎಂಟೆಂಟು ಜನರ ಗುಂಪಿನಲ್ಲಿ ಚೆನ್ನಾಗಿ ಮಾಡಿದ ಮೂವರಿಗೆ ಧನ್ಯವಾದದ ಕಾರ್ಡು ಕೊಟ್ಟರು. ಆಮೇಲೆ ಕೆಲಸ ಏರಿತು, ಏರಿಸಿದ್ದು ಬಹುಮಟ್ಟಿಗೆ ಕಾರ್ಡು ಸಿಗದವರು. ಅವರಿಗೆ ನಾಚಿಕೆಯಾಯಿತೋ ಛಲ ಬಂತೋ, ಅಂತೂ ಕೈ ಚುರುಕಾಯಿತು. ಲಾಂಡ್ರಿಯಲ್ಲಿ ಹೀಗಾಗಲಿಲ್ಲ. ಅಲ್ಲಿನದು ಮುಂಚೆಯೇ ಸಾರಿ ಹೇಳಿದ ಬಹುಮಾನ, ಅದಕ್ಕೆ ಲೆಕ್ಕ ಹಾಕಿ ಆಡಬಹುದಿತ್ತು. ಇಲ್ಲಿ ಕಾರ್ಡು ಬಂದದ್ದು ಯಾರೂ ನಿರೀಕ್ಷಿಸದೆ.

ತಮ್ಮ ಕೆಲಸದಿಂದ ಯಾರಿಗೆ ಏನಾಯಿತು ಅಂತ ಕಣ್ಣಾರೆ ತೋರಿಸುವುದು ಇನ್ನೂ ಬಲವಾದದ್ದು. ಮನಶ್ಶಾಸ್ತ್ರಜ್ಞ ಆಡಮ್ ಗ್ರಾಂಟ್ ಮತ್ತಿತರರು 2007ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ ವಿಶ್ವವಿದ್ಯಾಲಯಕ್ಕೆ ಫೋನಿನಲ್ಲಿ ದೇಣಿಗೆ ಕೇಳುವವರನ್ನು ವಿದ್ಯಾರ್ಥಿವೇತನ ಪಡೆದ ಒಬ್ಬ ವಿದ್ಯಾರ್ಥಿಯ ಜೊತೆ ಐದು ನಿಮಿಷ ಮಾತಾಡಿಸಿದರು. ಒಂದು ತಿಂಗಳ ಮೇಲೆ ನೋಡಿದರೆ ಅವರು ತಂದ ದೇಣಿಗೆ ಮುಂಚಿಗಿಂತ 171% ಜಾಸ್ತಿ.

ಸಂಬಳ ಕಡಿಮೆ ಇಟ್ಟು ಮೆಚ್ಚುಗೆ ಸುರಿಸುವುದು ಮಾತ್ರ ಬೇಡ. ಅದು ಕಣ್ಣೊರೆಸುವ ತಂತ್ರ ಅಂತ ಜನ ಅರ್ಥ ಮಾಡಿಕೊಳ್ಳುತ್ತಾರೆ.

ನಿಮ್ಮ ಕೈಯಲ್ಲಿ ಎಷ್ಟಿದೆ?

ದುಡ್ಡೇ ಇಲ್ಲದಿದ್ದರೆ ಅಡ್ಡಿ ತೆಗೆಯಿರಿ, ಬಲ್ಲವರಿಗೆ ಸ್ವಾತಂತ್ರ್ಯ ಕೊಡಿ, ಗ್ರಾಹಕರನ್ನು ತಂಡದ ಮುಂದೆ ಕೂರಿಸಿ.

ಸ್ವಲ್ಪ ದುಡ್ಡಿದೆ, ಮುಂದಿನ ವರ್ಷ ಇರುತ್ತೋ ಇಲ್ಲವೋ ಅನ್ನುವವರು ಸಂಬಳಕ್ಕೆ ಕೈ ಹಾಕಬೇಡಿ. ತಂಡದ ಬೋನಸ್ ಇಡಿ, ಆರು ತಿಂಗಳಿಗೆ ಮಾತ್ರ ಅಂತ ಮೊದಲ ದಿನವೇ ಬರೆದುಕೊಡಿ. ಕೊನೆಯ ದಿನಾಂಕ ಮುಂಚೆಯೇ ಗೊತ್ತಿದ್ದರೆ ನಿಲ್ಲಿಸಿದಾಗ ಕಿತ್ತುಕೊಂಡರು ಅನಿಸೋದಿಲ್ಲ.

ಪ್ರತಿ ವರ್ಷ ಬರುವ ಒಳ್ಳೆಯ ಬಜೆಟ್ ಇದ್ದವರು ಮೊದಲು ಸಂಬಳವನ್ನು ಹೊರಗಿನ ಮಟ್ಟಕ್ಕೆ ತನ್ನಿ. ಉಳಿದದ್ದರಲ್ಲಿ ಎಣಿಸಬಹುದಾದ ಕೆಲಸಕ್ಕೆ ಇನ್ಸೆಂಟಿವ್, ಉಳಿದ ಕೆಲಸಕ್ಕೆ ತಂಡದ ಬೋನಸ್. ಎರಡನ್ನೂ ಒಂದೇ ಗುಂಪಿನ ಮೇಲೆ ಹೇರಬೇಡಿ, ಒಂದು ಇನ್ನೊಂದರ ಕಾಲು ಎಳೆಯುತ್ತೆ.

ಒಳ್ಳೆಯವರು ಬಿಟ್ಟು ಹೋಗುತ್ತಿದ್ದಾರೆ ಅನ್ನೋದೇ ಚಿಂತೆಯಾದರೆ ಸಂಬಳ ಮತ್ತು ಸ್ವಾತಂತ್ರ್ಯ ಎರಡೂ ಜೋಡಿಯಾಗಿ ಬೇಕು. ಆದರೆ ರಾಜೀನಾಮೆ ಮೇಜಿಗೆ ಬಂದ ಮೇಲೆ ಏರಿಸುವುದು ದುಬಾರಿ. ಒಬ್ಬರು ಉಳಿಯಬಹುದು. ಬೇರೆಯವರು ಮಾತ್ರ ಸಂಬಳ ಏರಿಸಿಕೊಳ್ಳುವ ದಾರಿ ಇದು ಅಂತ ಕಲಿಯುತ್ತಾರೆ.

ಇಷ್ಟಾದರೂ ತೀರ್ಮಾನ ಆಗದಿದ್ದರೆ ತಂಡವನ್ನೇ ಕೇಳಿ. ಸಭೆ ಕರೆದು ಅಲ್ಲ, ಒಬ್ಬೊಬ್ಬರನ್ನೇ. ಆ ಬಿಲ್ ಟೀಮಿನಲ್ಲಿ ನನ್ನ ಬಹುಮಾನದ ದುಡ್ಡು ಆಮೇಲೆ ಮಿಕ್ಕಿತ್ತು. ಏನು ಮಾಡೋಣ ಅಂತ ಅದೇ ಮೇಜಿನ ಹತ್ತಿರ ಹೋಗಿ ಕೇಳಿದೆ. ಪಾರ್ಟಿ ಕೇಳುತ್ತಾರೆ, ಹಂಚಿ ಅನ್ನುತ್ತಾರೆ ಅಂದುಕೊಂಡಿದ್ದೆ. ಅವರು ಕ್ಷಣ ಯೋಚಿಸಿ, "ಇನ್ನೊಂದು ಮಾನಿಟರ್ ತರಿಸಿಬಿಡಿ ಸಾರ್, ಕಿಟಕಿ ಮುಚ್ಚಿ ತೆಗೆದು ಸಾಕಾಗಿದೆ" ಅಂದರು.